ಇನ್ವರ್ಸ್ ಫಂಕ್ಷನ್ ಕಂಡುಹಿಡಿಯುವುದು: ಯಾವ ಲೆಕ್ಕಕ್ಕೆ ಯಾವ ದಾರಿ?

ಕಳೆದ ಮಳೆಗಾಲದ ಒಂದು ಸಂಜೆ. ಮಂಡ್ಯದ ನಮ್ಮ ಮನೆಯ ವರಾಂಡದಲ್ಲಿ ಟ್ಯೂಷನ್ ನಡೆಯುತ್ತಿತ್ತು. ಸೆಕೆಂಡ್ ಪಿಯುಸಿ ಹುಡುಗಿಯೊಬ್ಬಳು ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟಳು. ಅವಳ ತಮ್ಮನಿಗೆ ಜ್ವರ ಬಂದಿತ್ತು. ಥರ್ಮಾಮೀಟರ್ 102 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತ್ತು. ಅದು ಸೆಲ್ಸಿಯಸ್‌ನಲ್ಲಿ ಎಷ್ಟು ಅಂತ ನೋಡೋಣ ಎಂದು, ಹಿಂದಿನ ದಿನವಷ್ಟೇ ಕಲಿತ ಇನ್ವರ್ಸ್ ಫಂಕ್ಷನ್ (ಬಂದ ಉತ್ತರದಿಂದ ಹಿಂದಕ್ಕೆ, ಮೊದಲು ಹಾಕಿದ ಸಂಖ್ಯೆಗೆ ಕರೆತರುವ ನಿಯಮ) ಹಾಕಿದ್ದಳು. ಉತ್ತರ 215.6 ಬಂದಿತ್ತು.

"ಮಿಸ್, ಸ್ಟೆಪ್ಸ್ ಎಲ್ಲಾ ಸರಿ ಇದೆ. ಉತ್ತರ ಮಾತ್ರ ಹಿಂಗ್ ಬಂದಿದೆ" ಅಂದಳು.

ನೋಡಿದೆ. ಸ್ಟೆಪ್ಸ್ ನಿಜಕ್ಕೂ ಸರಿ ಇತ್ತು. ಮೊದಲ ಸಾಲಿನಲ್ಲಿ ಫ್ಯಾ = (9/5) ಸೆ + 32 ಎಂದು ಬರೆದಿದ್ದಳು. ಎರಡನೇ ಸಾಲಿನಲ್ಲಿ ಎರಡೂ ಅಕ್ಷರಗಳನ್ನು ಅದಲು ಬದಲು ಮಾಡಿ ಸೆ = (9/5) ಫ್ಯಾ + 32 ಎಂದು ಬರೆದಿದ್ದಳು. ಅದನ್ನು ಬಿಡಿಸಿ ಫ್ಯಾ = (5/9)(ಸೆ − 32) ಎಂದು ತಂದಿದ್ದಳು. ಆಮೇಲೆ ಫ್ಯಾ ಇದ್ದ ಕಡೆ 102 ಹಾಕಿದ್ದಳು. ತಪ್ಪಾಗಿದ್ದು ಅಲ್ಲೇ. ಅಕ್ಷರ ಅದಲು ಬದಲಾದ ಮೇಲೆ 'ಫ್ಯಾ' ಅನ್ನುವುದು ಫ್ಯಾರನ್‌ಹೀಟ್ ಆಗಿ ಉಳಿದಿರಲಿಲ್ಲ. ಆ ಸಾಲಿನಲ್ಲಿ ಅದು ಸೆಲ್ಸಿಯಸ್‌ಗೆ ಹಾಕಿದ ಹೆಸರು. 102 ಹೋಗಿ ಕೂರಬೇಕಾದ ಜಾಗ 'ಸೆ'. ಅಲ್ಲಿ ಹಾಕಿದರೆ (5/9) × 70, ಅಂದರೆ ಸುಮಾರು 38.9 ಬರುತ್ತದೆ.

ಪಕ್ಕದಲ್ಲಿ ಕೂತಿದ್ದ ಹುಡುಗ ತಾನು ಅದಲು ಬದಲು ಮಾಡುವುದೇ ಇಲ್ಲ, ನೇರವಾಗಿ ಬಿಡಿಸುತ್ತೇನೆ ಅಂದ. ಇನ್ನೊಬ್ಬಳು ಬಾಣದ ಗುರುತು ಹಾಕಿಕೊಂಡು ಹಿಂದಕ್ಕೆ ಬರುತ್ತೇನೆ ಅಂದಳು. ಯಾರದು ಸರಿ ಎಂಬ ವಾದ ಶುರುವಾಯಿತು. ಮೂವರದೂ ಸರಿ. ಆದರೆ ಎಲ್ಲ ಲೆಕ್ಕಕ್ಕೂ ಒಂದೇ ದಾರಿ ಹಿಡಿದರೆ ಸುಮ್ನೆ ಸುತ್ತಬೇಕಾಗುತ್ತದೆ. ಯಾವಾಗ ಯಾವುದು ಒಳ್ಳೆಯದು ಎಂದು ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಕನ್ನಡ ಪುಸ್ತಕಗಳಲ್ಲಿ ಫಲನ, ವಿಲೋಮ ಎಂಬ ಪದಗಳು ಸಿಗುತ್ತವೆ. ಕ್ಲಾಸಿನಲ್ಲಿ ಎಲ್ಲರೂ ಆಡುವುದು ಫಂಕ್ಷನ್, ಇನ್ವರ್ಸ್. ಹಾಗಾಗಿ ಅದನ್ನೇ ಬಳಸುತ್ತೇನೆ.

ದಾರಿ ಆರಿಸುವ ಮೊದಲು ನಾನು ಕೇಳುವುದು ಒಂದೇ ಪ್ರಶ್ನೆ: ಲೆಕ್ಕದಲ್ಲಿ ಎಕ್ಸ್ ಎಷ್ಟು ಸಲ ಬಂದಿದೆ? ಎಣಿಸಿ. ಒಂದೇ ಸಲ ಬಂದಿದ್ದರೆ ಕೆಲಸ ಬಲು ಸುಲಭ. ಎರಡು ಸಲ ಬಂದಿದ್ದರೆ ಅದನ್ನು ಒಂದು ಸಲಕ್ಕೆ ಇಳಿಸಲು ಆಗುತ್ತದಾ ಎಂದು ನೋಡಿ. ಇಳಿಸಲು ಆಗದಿದ್ದರೆ ಸೂತ್ರದ ಆಸೆ ಬಿಟ್ಟು ಗ್ರಾಫ್ ಅಥವಾ ಪಟ್ಟಿ ಹಿಡಿಯಿರಿ.

ಮೊದಲು, ಇನ್ವರ್ಸ್ ಇದೆಯೇ?

ಮೈಸೂರು ರೈಲ್ವೆ ಸ್ಟೇಷನ್ ಮುಂದೆ ಆಟೊ ಹತ್ತಿದಿರಿ ಅಂತಿಟ್ಟುಕೊಳ್ಳಿ. ಮೊದಲ 2 ಕಿ.ಮೀ.ಗೆ 35 ರೂಪಾಯಿ, ಆಮೇಲೆ ಕಿ.ಮೀ.ಗೆ 15 ರೂಪಾಯಿ ಎಂದು ಲೆಕ್ಕಕ್ಕೆ ತೆಗೆದುಕೊಳ್ಳೋಣ. ದೂರ ಗೊತ್ತಿದ್ದರೆ ದುಡ್ಡು ಗೊತ್ತಾಗುತ್ತದೆ. ಹಾಗಾಗಿ ಇದು ಫಂಕ್ಷನ್. ಈಗ ಉಲ್ಟಾ ಕೇಳಿ. 95 ರೂಪಾಯಿ ಕೊಟ್ಟವರು ಎಷ್ಟು ದೂರ ಹೋದರು? 35 ಕಳೆದರೆ 60, ಅದನ್ನು 15ರಿಂದ ಭಾಗಿಸಿದರೆ 4, ಮೊದಲಿನ 2 ಸೇರಿಸಿದರೆ 6 ಕಿ.ಮೀ. ಸರಿ. 35 ರೂಪಾಯಿ ಕೊಟ್ಟವರು? ಅರ್ಧ ಕಿ.ಮೀ. ಇರಬಹುದು, ಒಂದೂವರೆ ಇರಬಹುದು, ಎರಡೂ ಇರಬಹುದು. ಹೇಳಲು ಬರುವುದಿಲ್ಲ. ಮಿನಿಮಮ್ ಚಾರ್ಜ್ ಇರುವಷ್ಟು ದೂರ ಈ ಫಂಕ್ಷನ್ ಒನ್-ಒನ್ ಅಲ್ಲ, ಅಂದರೆ ಬೇರೆ ಬೇರೆ ದೂರಕ್ಕೆ ಬೇರೆ ಬೇರೆ ದುಡ್ಡು ಬರುವುದಿಲ್ಲ. ಅಲ್ಲಿ ಇನ್ವರ್ಸ್ ಇಲ್ಲ. 2 ಕಿ.ಮೀ.ಯಿಂದ ಮುಂದಕ್ಕೆ ಮಾತ್ರ ಎಂದು ಡೊಮೈನ್ (ಫಂಕ್ಷನ್‌ಗೆ ಹಾಕಬಹುದಾದ ಸಂಖ್ಯೆಗಳು) ಕತ್ತರಿಸಿದರೆ ಇದೆ.

ಗ್ರಾಫ್ ಕೈಯಲ್ಲಿದ್ದರೆ ಇದನ್ನು ನೋಡುವುದು ಹತ್ತು ಸೆಕೆಂಡಿನ ಕೆಲಸ. ಸ್ಕೇಲನ್ನು ಅಡ್ಡ ಹಿಡಿದು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಸರಿಸಿ. ಎಲ್ಲಾದರೂ ಸ್ಕೇಲು ಗೆರೆಯನ್ನು ಎರಡು ಕಡೆ ಮುಟ್ಟಿದರೆ ಇನ್ವರ್ಸ್ ಇಲ್ಲ. ಗ್ರಾಫ್ ಇಲ್ಲದಿದ್ದರೆ, ಫಂಕ್ಷನ್ ಏರುತ್ತಲೇ ಹೋಗುತ್ತದಾ ಅಥವಾ ಇಳಿಯುತ್ತಲೇ ಹೋಗುತ್ತದಾ ಎಂದು ನೋಡಿದರೂ ಸಾಕು.

ಬಂದ ದಾರಿಯಲ್ಲೇ ಹಿಂದಕ್ಕೆ

ಎಕ್ಸ್ ಒಂದೇ ಸಲ ಬಂದಿದೆ ಅಂದರೆ ಬಾಣ ಹಾಕಿ ಹಿಂದಕ್ಕೆ ಬರುವುದನ್ನು ಬಿಟ್ಟು ನಾನು ಬೇರೆ ದಾರಿ ನೋಡುವುದೇ ಇಲ್ಲ. ನಮ್ಮ ಕಡೆ ಮಕ್ಕಳು ದಿನಾ ರೈಲಿನಲ್ಲಿ ಮೈಸೂರಿಗೆ ಓಡಾಡುತ್ತಾರೆ. ಹೋಗುವಾಗ ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ, ಆಮೇಲೆ ಮೈಸೂರು. ವಾಪಸ್ ಬರುವಾಗ ಮೊದಲು ಸಿಗುವುದು ನಾಗನಹಳ್ಳಿ. ಇನ್ವರ್ಸ್ ಅಂದರೂ ಇಷ್ಟೇ. ಕೊನೆಗೆ ಮಾಡಿದ್ದನ್ನು ಮೊದಲು ಬಿಚ್ಚಬೇಕು.

ಎಫ್(ಎಕ್ಸ್) = (3 ಎಕ್ಸ್ − 7)/2 ತೆಗೆದುಕೊಳ್ಳಿ. ಎಕ್ಸ್‌ಗೆ ಏನೇನಾಯಿತು? 3ರಿಂದ ಗುಣಿಸಿದೆವು, 7 ಕಳೆದೆವು, 2ರಿಂದ ಭಾಗಿಸಿದೆವು. ವಾಪಸ್ ಬರುವಾಗ 2ರಿಂದ ಗುಣಿಸಿ, 7 ಕೂಡಿಸಿ, 3ರಿಂದ ಭಾಗಿಸಿ. ಇನ್ವರ್ಸ್ (2 ಎಕ್ಸ್ + 7)/3. ಪರೀಕ್ಷೆ ಮಾಡಿ: 5 ಹಾಕಿದರೆ ಎಫ್ 4 ಕೊಡುತ್ತದೆ, ಇನ್ವರ್ಸ್‌ಗೆ 4 ಹಾಕಿದರೆ 15/3, ಅಂದರೆ 5 ವಾಪಸ್ ಬಂತು.

ಈ ದಾರಿ ಹೊಸದೇನೂ ಅಲ್ಲ. ಕ್ರಿ.ಶ. 499ರ ಸುಮಾರಿಗೇ ಆರ್ಯಭಟ ಇದನ್ನು ಹೇಳಿದ್ದಾನೆ. ಗುಣಿಸಿದ್ದನ್ನು ಭಾಗಿಸು, ಭಾಗಿಸಿದ್ದನ್ನು ಗುಣಿಸು, ಕೂಡಿದ್ದನ್ನು ಕಳೆ, ಕಳೆದದ್ದನ್ನು ಕೂಡು ಎಂಬ ಅರ್ಥದ ಒಂದು ಶ್ಲೋಕವೇ ಇದೆ. ಫಂಕ್ಷನ್ ಎಂಬ ಮಾತು ಹುಟ್ಟುವುದಕ್ಕೆ ಸಾವಿರ ವರ್ಷಕ್ಕೂ ಹಿಂದಿನ ಮಾತು ಇದು. ಇದನ್ನು ಹೇಳಿದಾಗ ಮಕ್ಕಳ ಮುಖ ಅರಳುವುದನ್ನು ನೋಡಲು ನನಗೆ ಬಹಳ ಇಷ್ಟ.

ಇಲ್ಲಿ ಎಡವುವ ಜಾಗ ಒಂದಿದೆ. 20 − 4 ಎಕ್ಸ್ ಕೊಟ್ಟರೆ ತುಂಬಾ ಮಂದಿ '4ರಿಂದ ಗುಣಿಸು, 20 ಕಳೆ' ಎಂದು ಬರೆದುಕೊಳ್ಳುತ್ತಾರೆ. 20 ಕಳೆಯುವುದು ಬೇರೆ, 20ರಿಂದ ಕಳೆಯುವುದು ಬೇರೆ. ಇಲ್ಲಿ ಆಗಿರುವುದು ಎರಡನೆಯದು. ಅದನ್ನು ಬಿಚ್ಚುವುದು ಹೇಗೆ? 20ರಿಂದ 12 ಕಳೆದರೆ 8. ಆ 8ನ್ನು ಮತ್ತೆ 20ರಿಂದ ಕಳೆಯಿರಿ, 12 ಸಿಕ್ಕಿತು. ಅಂದರೆ '20ರಿಂದ ಕಳೆಯುವುದು' ತನ್ನನ್ನು ತಾನೇ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಇನ್ವರ್ಸ್ (20 − ಎಕ್ಸ್)/4. 'ಒಂದು ಸಂಖ್ಯೆಯನ್ನು ಎಕ್ಸ್‌ನಿಂದ ಭಾಗಿಸುವುದು' ಕೂಡ ಹೀಗೇ. 5/(ಎಕ್ಸ್ + 2) ಇದ್ದರೆ, 2 ಕೂಡಿದೆವು, ಬಂದದ್ದರಿಂದ 5ನ್ನು ಭಾಗಿಸಿದೆವು. ಹಿಂದಕ್ಕೆ ಬರುವಾಗ 5ನ್ನು ಎಕ್ಸ್‌ನಿಂದ ಭಾಗಿಸಿ 2 ಕಳೆಯಿರಿ: 5/ಎಕ್ಸ್ − 2. ಈ ಎರಡು ವಿಷಯ ಗೊತ್ತಿದ್ದರೆ ಬಾಣದ ದಾರಿ ಎಲ್ಲೂ ಕೈಕೊಡುವುದಿಲ್ಲ.

ಅದಲು ಬದಲು ಮೊದಲೋ, ಬಿಡಿಸುವುದು ಮೊದಲೋ?

ಯೂಟ್ಯೂಬ್‌ನಲ್ಲಿ ನೋಡಿ ಕಲಿತ ಮಕ್ಕಳು ಹೆಚ್ಚಾಗಿ ಮೊದಲ ಸಾಲಿನಲ್ಲೇ ಎಕ್ಸ್, ವೈ ಅದಲು ಬದಲು ಮಾಡುತ್ತಾರೆ. ನಮ್ಮ ಪಿಯು ಪುಸ್ತಕದ ರೀತಿ ಬೇರೆ. ಅಲ್ಲಿ ವೈ = ಎಫ್(ಎಕ್ಸ್) ಎಂದು ಬರೆದು, ಎಕ್ಸ್ ಎಷ್ಟು ಎಂದು ಬಿಡಿಸಿ, ಉತ್ತರವನ್ನು ವೈನಲ್ಲೇ ಬಿಡುತ್ತಾರೆ. ಎರಡರಲ್ಲೂ ಮಾಡುವ ಬೀಜಗಣಿತ ಒಂದೇ. ಬದಲಾಗುವುದು ಹೆಸರು ಬದಲಿಸುವ ಸಮಯ ಮಾತ್ರ. ಹಾಗಿದ್ದರೆ ವ್ಯತ್ಯಾಸ ಏನು ಅಂತೀರಾ? ನನ್ನ ಪ್ರಕಾರ ತುಂಬಾ ಇದೆ.

ಮೊದಲೇ ಅದಲು ಬದಲು ಮಾಡುವುದರಲ್ಲಿ ಅನುಕೂಲ ಇಲ್ಲ ಅಂತಲ್ಲ. ಕೊನೆಗೆ ಬರುವ ಉತ್ತರ ಎಕ್ಸ್‌ನಲ್ಲೇ ಇರುತ್ತದೆ. ಎರಡೂ ಫಂಕ್ಷನ್‌ಗಳನ್ನು ಒಂದೇ ಗ್ರಾಫಿನಲ್ಲಿ ಬರೆಯಬೇಕು ಅಂದಾಗ ಅದು ಸಲೀಸು. ಯೋಚನೆ ಮಾಡದೆ ಮಾಡಬಹುದಾದ ಕ್ರಮ ಬೇಕು ಅನ್ನುವವರಿಗೂ ಅದು ಹಿಡಿಸುತ್ತದೆ. ಆದರೆ ಎರಡು ಕಡೆ ಅದು ಮಕ್ಕಳನ್ನು ಕೆಡವುವುದನ್ನು ನಾನು ನೋಡಿದ್ದೇನೆ. ಒಂದು, ಎಕ್ಸ್ ಎರಡು ಕಡೆ ಇದ್ದಾಗ ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುತ್ತಾರೆ. ಮೇಲಿನ ಎಕ್ಸ್ ವೈ ಆಗಿರುತ್ತದೆ, ಕೆಳಗಿನದು ಹಾಗೇ ಕೂತಿರುತ್ತದೆ. ಎರಡು, ಅಕ್ಷರಕ್ಕೆ ಅರ್ಥ ಇದ್ದಾಗ. ಆ ಹುಡುಗಿಯ ಜ್ವರದ ಲೆಕ್ಕ ಕೆಟ್ಟಿದ್ದು ಇದರಿಂದಲೇ.

ಇನ್ನೊಂದು ನೋಡಿ. ಕಬ್ಬು ಕಡಿಸಿ ಆಲೆಮನೆಗೆ ಸಾಗಿಸಬೇಕು. ಟ್ರ್ಯಾಕ್ಟರ್ ಬಾಡಿಗೆ 800 ರೂಪಾಯಿ, ಕಡಿಯುವ ಕೂಲಿ ಟನ್ನಿಗೆ 700 ರೂಪಾಯಿ ಎಂದು ಇಟ್ಟುಕೊಳ್ಳೋಣ. ಖರ್ಚು = 700 × ಟನ್ + 800. ಕೈಯಲ್ಲಿ 7,800 ರೂಪಾಯಿ ಇದೆ, ಎಷ್ಟು ಟನ್ ಸಾಗಿಸಬಹುದು? ಇಲ್ಲಿ ಟನ್ = (ಖರ್ಚು − 800)/700 ಎಂದು ಬಿಡಿಸಿದರೆ ಮುಗಿಯಿತು, 10 ಟನ್. 'ಟನ್ = 700 × ಖರ್ಚು + 800' ಎಂದು ಬರೆದು ಶುರು ಮಾಡುವುದಕ್ಕೆ ಏನು ಅರ್ಥ? ಆ ಸಾಲನ್ನು ಗದ್ದೆಯಲ್ಲಿ ನಿಂತ ಯಾರಿಗೆ ಓದಿ ಹೇಳಿದರೂ ತಪ್ಪು ಅಂತಾರೆ. ಅವರು ಹೇಳುವುದೇ ಸರಿ. ರೂಪಾಯಿ, ಟನ್, ಡಿಗ್ರಿ, ಕಿ.ಮೀ. ಇರುವ ಲೆಕ್ಕದಲ್ಲಿ ಅದಲು ಬದಲು ಮಾಡಲೇಬೇಡಿ. ಬಿಡಿಸಿ, ಅಷ್ಟೇ.

ಬೋರ್ಡ್ ಪರೀಕ್ಷೆಗೂ ಬಿಡಿಸುವ ದಾರಿಯೇ ಲಾಭ. ಯಾಕೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದನ್ನು ಗಮನಿಸುವವರು ಕಡಿಮೆ. ವಾಸ್ತವ ಸಂಖ್ಯೆಗಳಿಂದ ವಾಸ್ತವ ಸಂಖ್ಯೆಗಳಿಗೆ ಎಫ್(ಎಕ್ಸ್) = 4 ಎಕ್ಸ್ + 3. ಇದಕ್ಕೆ ಇನ್ವರ್ಸ್ ಇದೆ ಎಂದು ತೋರಿಸಿ, ಕಂಡುಹಿಡಿಯಿರಿ ಎಂದು ಪ್ರಶ್ನೆ ಬರುತ್ತದೆ. ಮೊದಲು ಒನ್-ಒನ್ ತೋರಿಸಬೇಕು: 4ಎ + 3 ಮತ್ತು 4ಬಿ + 3 ಸಮ ಆದರೆ ಎ, ಬಿ ಸಮ. ಒಂದು ಸಾಲು. ಆಮೇಲೆ ಆನ್‌ಟು ತೋರಿಸಬೇಕು. ಅಂದರೆ ಕೋಡೊಮೈನ್‌ನಲ್ಲಿ (ಉತ್ತರಗಳಿಗೆಂದು ಕೊಟ್ಟ ಗುಂಪಿನಲ್ಲಿ) ಯಾವ ವೈ ಹಿಡಿದರೂ ಅದಕ್ಕೆ ಹೋಗುವ ಒಂದು ಎಕ್ಸ್ ಇದೆ ಎಂದು ಹೇಳಬೇಕು. ಆ ಎಕ್ಸ್ ಯಾವುದು? ವೈ = 4 ಎಕ್ಸ್ + 3 ಬಿಡಿಸಿದರೆ ಎಕ್ಸ್ = (ವೈ − 3)/4. ಇದು ವಾಸ್ತವ ಸಂಖ್ಯೆ, ಎಫ್‌ಗೆ ಹಾಕಿದರೆ ವೈ ಬರುತ್ತದೆ, ಆನ್‌ಟು ಆಯಿತು. ಈಗ ನೋಡಿ, ನೀವು ಕಂಡುಹಿಡಿದ ಆ (ವೈ − 3)/4 ಇದೆಯಲ್ಲ, ಅದೇ ಇನ್ವರ್ಸ್. ಬೇರೆ ಕೆಲಸವೇ ಇಲ್ಲ. ಆನ್‌ಟು ತೋರಿಸಲು ಮಾಡಿದ ಸಾಲು ಇನ್ವರ್ಸ್‌ಗೂ ಆಗುತ್ತದೆ. ಅದಲು ಬದಲು ಮಾಡುವವರು ಇದೇ ಬೀಜಗಣಿತವನ್ನು ಎರಡು ಸಲ ಬರೆಯುತ್ತಾರೆ. ಪರೀಕ್ಷೆಯಲ್ಲಿ ಅಷ್ಟು ಹೊತ್ತು ಯಾಕೆ ಕಳೆಯಬೇಕು, ಅಲ್ವಾ?

ಎಕ್ಸ್ ಮೇಲೂ ಕೆಳಗೂ ಇದ್ದಾಗ

ಎಫ್(ಎಕ್ಸ್) = (2 ಎಕ್ಸ್ + 5)/(ಎಕ್ಸ್ − 1). ಇಲ್ಲಿ ಎಕ್ಸ್ ಎರಡು ಸಲ ಬಂದಿದೆ. ಬಾಣದ ದಾರಿ ನೇರವಾಗಿ ನಡೆಯುವುದಿಲ್ಲ. ಎಲ್ಲರೂ ಕಲಿಯುವ ದಾರಿ, ಅಡ್ಡ ಗುಣಿಸಿ ಎಕ್ಸ್‌ಗಳನ್ನು ಒಂದು ಕಡೆ ತರುವುದು. ವೈ(ಎಕ್ಸ್ − 1) = 2 ಎಕ್ಸ್ + 5. ಎಕ್ಸ್ ಇರುವುದೆಲ್ಲ ಎಡಕ್ಕೆ, ಉಳಿದದ್ದು ಬಲಕ್ಕೆ: ಎಕ್ಸ್(ವೈ − 2) = ವೈ + 5. ಹಾಗಾಗಿ ಎಕ್ಸ್ = (ವೈ + 5)/(ವೈ − 2). ಬೋರ್ಡ್ ಪರೀಕ್ಷೆಯಲ್ಲಿ ಇದನ್ನೇ ಬರೆಯಿರಿ. ವೈ 2 ಆಗಬಾರದು ಎಂದು ಒಂದು ಮಾತು ಸೇರಿಸುವುದನ್ನು ಮರೆಯಬೇಡಿ.

ನನಗೆ ಇದಕ್ಕಿಂತ ಇಷ್ಟವಾದ ದಾರಿ ಇನ್ನೊಂದಿದೆ. ಐದನೇ ಕ್ಲಾಸಿನಲ್ಲಿ 7/3 ಅನ್ನು 'ಎರಡು ಪೂರ್ಣಾಂಕ ಮೂರನೇ ಒಂದು' ಎಂದು ಮಿಶ್ರ ಭಿನ್ನರಾಶಿ ಮಾಡಿದ್ದು ನೆನಪಿದೆಯಾ? ಇಲ್ಲೂ ಅದನ್ನೇ ಮಾಡಿ. ಎಕ್ಸ್ − 1 ಅನ್ನು 2 ಸಲ ತೆಗೆದರೆ 2 ಎಕ್ಸ್ − 2. 2 ಎಕ್ಸ್ + 5ಕ್ಕೆ ಇನ್ನೂ 7 ಬೇಕು. ಹಾಗಾಗಿ ಎಫ್(ಎಕ್ಸ್) = 2 + 7/(ಎಕ್ಸ್ − 1). ಈಗ ಎಣಿಸಿ. ಎಕ್ಸ್ ಒಂದೇ ಸಲ! ಬಾಣ ಹಾಕಿ: 1 ಕಳೆ, ಅದರಿಂದ 7ನ್ನು ಭಾಗಿಸು, 2 ಕೂಡು. ಹಿಂದಕ್ಕೆ: 2 ಕಳೆ, ಅದರಿಂದ 7ನ್ನು ಭಾಗಿಸು, 1 ಕೂಡು. ಇನ್ವರ್ಸ್ 1 + 7/(ಎಕ್ಸ್ − 2). ಕೂಡಿಸಿದರೆ (ಎಕ್ಸ್ + 5)/(ಎಕ್ಸ್ − 2), ಮೇಲಿನದೇ ಉತ್ತರ. ಈ ದಾರಿಯಲ್ಲಿ ಇನ್ನೊಂದು ವಿಷಯ ಉಚಿತವಾಗಿ ಸಿಗುತ್ತದೆ. 7/(ಎಕ್ಸ್ − 1) ಎಂದೂ ಸೊನ್ನೆ ಆಗುವುದಿಲ್ಲ, ಹಾಗಾಗಿ ಎಫ್ ಎಂದೂ 2 ಆಗುವುದಿಲ್ಲ. ರೇಂಜ್, ಅಂದರೆ ಎಫ್ ಕೊಡುವ ಉತ್ತರಗಳ ಗುಂಪು, ಕಣ್ಣಿಗೇ ಕಾಣುತ್ತದೆ.

ಇನ್ನು ಸಿಇಟಿ. ಅಲ್ಲಿ ಗಣಿತಕ್ಕೆ 80 ನಿಮಿಷ, 60 ಪ್ರಶ್ನೆ. ಒಂದಕ್ಕೆ 80 ಸೆಕೆಂಡ್ ಸಿಗುತ್ತದೆ. ಅಲ್ಲಿ ಮೇಲಿನ ಎರಡು ದಾರಿಯೂ ನಿಧಾನ. ಮ್ಯಾಟ್ರಿಕ್ಸ್ ಓದಿದವರಿಗೆ ಒಂದು ಹತ್ತಿರದ ದಾರಿ ಇದೆ. ಮೇಲಿನ ಸಾಲಿನಲ್ಲಿ 2, 5, ಕೆಳಗಿನ ಸಾಲಿನಲ್ಲಿ 1, −1 ಇದೆ. ಎರಡಕ್ಕೆ ಎರಡರ ಮ್ಯಾಟ್ರಿಕ್ಸ್‌ನ ಇನ್ವರ್ಸ್ ಮಾಡುವ ಹಾಗೆ 2 ಮತ್ತು −1ರ ಜಾಗ ಬದಲಿಸಿ, 5 ಮತ್ತು 1ರ ಚಿಹ್ನೆ ಬದಲಿಸಿ. (−ಎಕ್ಸ್ − 5)/(−ಎಕ್ಸ್ + 2) ಬಂತು. ಮೇಲೆ ಕೆಳಗೆ ಚಿಹ್ನೆ ತಿರುಗಿಸಿದರೆ ಅದೇ (ಎಕ್ಸ್ + 5)/(ಎಕ್ಸ್ − 2). ಡಿಟರ್ಮಿನೆಂಟ್‌ನಿಂದ ಭಾಗಿಸಬೇಕಿಲ್ಲ, ಮೇಲೂ ಕೆಳಗೂ ಅದೇ ಇರುವುದರಿಂದ ಹೊಡೆದುಹೋಗುತ್ತದೆ. ಡಿಟರ್ಮಿನೆಂಟ್ ಸೊನ್ನೆ ಆಗಿರಬಾರದು ಅಷ್ಟೇ. ಸೊನ್ನೆ ಆದರೆ ಫಂಕ್ಷನ್ ಒಂದೇ ಸಂಖ್ಯೆಯಾಗಿ ನಿಂತುಬಿಡುತ್ತದೆ.

ಮೊದಲನೆಯ ಮತ್ತು ಕೊನೆಯ ಸಂಖ್ಯೆ ಕೂಡಿದರೆ ಸೊನ್ನೆ ಬರುವ ಲೆಕ್ಕಗಳನ್ನು ಕಂಡರೆ ಖುಷಿಪಡಿ. (3 ಎಕ್ಸ್ + 2)/(ಎಕ್ಸ್ − 3) ಅಂಥದ್ದು, 3 ಮತ್ತು −3. ಅದರ ಇನ್ವರ್ಸ್ ಅದೇ ಫಂಕ್ಷನ್. ಏನೂ ಮಾಡಬೇಕಿಲ್ಲ.

ಸೂತ್ರ ಯಾವುದೂ ನೆನಪಿಗೆ ಬರದಿದ್ದರೂ ಸಿಇಟಿಯಲ್ಲಿ ಬಚಾವಾಗಬಹುದು. ಮೊದಲಿನ ಎಫ್(ಎಕ್ಸ್) = (2 ಎಕ್ಸ್ + 5)/(ಎಕ್ಸ್ − 1) ನೋಡಿ, ಅದಕ್ಕೆ ಒಂದು ಸುಲಭ ಸಂಖ್ಯೆ ಹಾಕಿ. 2 ಹಾಕಿದರೆ 9 ಬರುತ್ತದೆ. ಹಾಗಾದರೆ ಇನ್ವರ್ಸ್‌ಗೆ 9 ಹಾಕಿದರೆ 2 ಬರಲೇಬೇಕು. ನಾಲ್ಕೂ ಆಯ್ಕೆಗೆ 9 ಹಾಕಿ ನೋಡಿ. (ಎಕ್ಸ್ − 5)/(ಎಕ್ಸ್ + 2) ಕೊಡುವುದು 4/11, ಅದನ್ನು ಬಿಡಿ. (ಎಕ್ಸ್ + 5)/(ಎಕ್ಸ್ − 2) ಕೊಡುವುದು 14/7, ಅಂದರೆ 2. ಮುಗಿಯಿತು. ಎರಡು ಆಯ್ಕೆಗೆ 2 ಬಂದರೆ ಇನ್ನೊಂದು ಸಂಖ್ಯೆ ಹಾಕಿ ನೋಡಿ. ಬೋರ್ಡ್ ಪರೀಕ್ಷೆಯಲ್ಲಿ ಈ ದಾರಿಗೆ ಅಂಕ ಇಲ್ಲ, ಆದರೆ ಬರೆದ ಉತ್ತರ ಸರಿಯಾ ಎಂದು ನೋಡಿಕೊಳ್ಳಲು ಅಲ್ಲೂ ಇದೇ ಒಳ್ಳೆಯದು.

ಆಯ್ಕೆಗಳಲ್ಲಿ (ಎಕ್ಸ್ − 1)/(2 ಎಕ್ಸ್ + 5) ಇದ್ದೇ ಇರುತ್ತದೆ ಎಂದು ಇಟ್ಟುಕೊಳ್ಳಿ. ಅದು ಮೇಲೆ ಕೆಳಗೆ ಮಾಡಿದ್ದು, ಇನ್ವರ್ಸ್ ಅಲ್ಲ. ಎಫ್ ಮೇಲೆ ಹಾಕುವ ಆ −1, ಘಾತದ −1 ಥರವೇ ಕಾಣುವುದರಿಂದ ಈ ಗೊಂದಲ. ಈ ಬರವಣಿಗೆಯನ್ನು 1813ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಜಾನ್ ಹರ್ಷೆಲ್. ಎರಡು ಸಲ ಎಫ್ ಮಾಡುವುದಕ್ಕೆ ಮೇಲೆ 2 ಹಾಕಿದರೆ, ಒಂದು ಸಲ ಹಿಂದಕ್ಕೆ ಬರುವುದಕ್ಕೆ −1 ಹಾಕುವುದು ಸಹಜ ಎಂಬುದು ಅವನ ಯೋಚನೆ. ಅದನ್ನು ಹೀಗೆ ನೆನಪಿಟ್ಟುಕೊಂಡರೆ ಗೊಂದಲ ಆಗುವುದಿಲ್ಲ.

ವರ್ಗ ಬಂದಾಗ

ಎಫ್(ಎಕ್ಸ್) = ಎಕ್ಸ್² + 6 ಎಕ್ಸ್ + 5, ಡೊಮೈನ್ −3 ಮತ್ತು ಅದಕ್ಕಿಂತ ಜಾಸ್ತಿ ಎಂದು ಕೊಟ್ಟಿದ್ದಾರೆ. ಎಕ್ಸ್ ಮತ್ತೆ ಎರಡು ಸಲ. ಇಲ್ಲಿ ಇರುವುದು ಎರಡು ದಾರಿ: ವರ್ಗ ಪೂರ್ಣಗೊಳಿಸುವುದು, ಅಥವಾ ವರ್ಗ ಸಮೀಕರಣದ ಸೂತ್ರ ಹಾಕುವುದು.

ವರ್ಗ ಪೂರ್ಣಗೊಳಿಸಿದರೆ (ಎಕ್ಸ್ + 3)² − 4. ಎಕ್ಸ್ ಒಂದು ಸಲಕ್ಕೆ ಇಳಿಯಿತು. ಹಿಂದಕ್ಕೆ: 4 ಕೂಡು, ವರ್ಗಮೂಲ ತೆಗೆ, 3 ಕಳೆ. ಇನ್ವರ್ಸ್ √(ಎಕ್ಸ್ + 4) − 3. 1 ಹಾಕಿದರೆ ಎಫ್ 12, ಇನ್ವರ್ಸ್‌ಗೆ 12 ಹಾಕಿದರೆ 4 − 3, 1 ಬಂತು. ಸೂತ್ರ ಹಾಕಿದರೂ ಎಕ್ಸ್ = −3 ± √(ವೈ + 4) ಬರುತ್ತದೆ. ಅಲ್ಲಿ ± ಎದುರು ನಿಂತು ಯಾವುದನ್ನು ಇಟ್ಟುಕೊಳ್ಳಲಿ ಎಂದು ಯೋಚಿಸಬೇಕು. ಡೊಮೈನ್ −3ರಿಂದ ಮೇಲಕ್ಕೆ ಇರುವುದರಿಂದ ಕೂಡುವ ಚಿಹ್ನೆ. ಡೊಮೈನ್ −3ರಿಂದ ಕೆಳಕ್ಕೆ ಕೊಟ್ಟಿದ್ದರೆ ಕಳೆಯುವ ಚಿಹ್ನೆ. ± ಹಾಗೇ ಬಿಟ್ಟು ಬಂದರೆ ಅದು ಫಂಕ್ಷನ್ನೇ ಅಲ್ಲ.

ಎಕ್ಸ್ ಜೊತೆ ಸಮ ಸಂಖ್ಯೆ ಇದ್ದರೆ ವರ್ಗ ಪೂರ್ಣಗೊಳಿಸಿ, ಅದರಿಂದ ರೇಂಜ್ ಕೂಡ ಸಿಗುತ್ತದೆ. 3 ಎಕ್ಸ್² − 5 ಎಕ್ಸ್ + 1 ಥರದ್ದು ಬಂದರೆ ಭಿನ್ನರಾಶಿಯಲ್ಲಿ ಒದ್ದಾಡುವುದಕ್ಕಿಂತ ಸೂತ್ರವೇ ವಾಸಿ.

ವರ್ಗದ ಲೆಕ್ಕದಲ್ಲಿ ಪರೀಕ್ಷೆ ಮಾಡುವಾಗ ಎರಡೂ ಕಡೆಯಿಂದ ಮಾಡಬೇಕು. ಎಲ್ಲ ವಾಸ್ತವ ಸಂಖ್ಯೆಗಳ ಮೇಲೆ ಎಕ್ಸ್² ಇಟ್ಟುಕೊಂಡು √ಎಕ್ಸ್ ಇನ್ವರ್ಸ್ ಎನ್ನುವವರು ಮೊದಲು ವರ್ಗಮೂಲ, ಆಮೇಲೆ ವರ್ಗ ಮಾಡಿ ನೋಡುತ್ತಾರೆ. 9 ಹೋಗಿ 3, 3 ಹೋಗಿ 9. ಸರಿ ಅಂದುಕೊಳ್ಳುತ್ತಾರೆ. ಇನ್ನೊಂದು ಕಡೆಯಿಂದ ಬನ್ನಿ. −5ರ ವರ್ಗ 25, ಅದರ ವರ್ಗಮೂಲ 5. ಹೊರಟಿದ್ದು −5ರಿಂದ, ಬಂದು ಸೇರಿದ್ದು 5ಕ್ಕೆ. ಸೈನ್‌ನಲ್ಲೂ ಇದೇ ಆಗುತ್ತದೆ. ಸೈನ್ 150 ಡಿಗ್ರಿ ಅರ್ಧ. ಸೈನ್ ಇನ್ವರ್ಸ್ ಅರ್ಧ ಮಾತ್ರ 30 ಡಿಗ್ರಿ, ಯಾಕಂದರೆ ಅಲ್ಲಿ −90ರಿಂದ 90 ಡಿಗ್ರಿವರೆಗಿನ ಭಾಗವನ್ನಷ್ಟೇ ಇಟ್ಟುಕೊಂಡಿದ್ದೇವೆ. ಪಿಯು ಪುಸ್ತಕದ ಎರಡನೇ ಅಧ್ಯಾಯದಲ್ಲಿ ಪ್ರಿನ್ಸಿಪಲ್ ವ್ಯಾಲ್ಯೂ ಎಂದು ಓದುವುದು ಇದನ್ನೇ.

ಗ್ರಾಫ್ ಮತ್ತು ಪಟ್ಟಿ

ಗ್ರಾಫಿನ ದಾರಿಯನ್ನು ಒಂದು ಸಲವಾದರೂ ಕೈಯಾರೆ ಮಾಡಿ ನೋಡಿ. ಗ್ರಾಫ್ ಶೀಟಿನಲ್ಲಿ ಎರಡೂ ಕಡೆ 1 ಸೆಂ.ಮೀ.ಗೆ 1 ಎಂದು ಸ್ಕೇಲ್ ತೆಗೆದುಕೊಳ್ಳಿ. ವೈ = ಎಕ್ಸ್ ಗೆರೆ ಎಳೆಯಿರಿ. ಸೊನ್ನೆಯಿಂದ ಬಲಕ್ಕೆ ಎಕ್ಸ್² ಬರೆಯಿರಿ: (1, 1), (2, 4), (3, 9). ಗೆರೆಯನ್ನು ಪೆನ್ಸಿಲ್‌ನಿಂದ ಗಾಢವಾಗಿ ತಿದ್ದಿ. ಈಗ ಶೀಟನ್ನು ವೈ = ಎಕ್ಸ್ ಗೆರೆಯ ಮೇಲೆ ಒಳಮುಖವಾಗಿ ಮಡಚಿ, ಹಿಂದಿನಿಂದ ಉಗುರಿನಲ್ಲಿ ಚೆನ್ನಾಗಿ ಉಜ್ಜಿ. ಬಿಚ್ಚಿದರೆ ಮಸುಕಾಗಿ ಇನ್ನೊಂದು ಗೆರೆ ಮೂಡಿರುತ್ತದೆ. (4, 2), (9, 3) ಮೇಲೆ ಹಾದುಹೋಗುತ್ತದೆ. ಅದೇ √ಎಕ್ಸ್. ನಮ್ಮ ವರಾಂಡದಲ್ಲಿ ಇದನ್ನು ಮಾಡಿದ ದಿನ ಯಾರೂ ಬೇಗ ಮನೆಗೆ ಹೊರಡಲಿಲ್ಲ. ಜಾಗ ಸಾಲದು ಎಂದು ವೈ ಕಡೆ 1 ಸೆಂ.ಮೀ.ಗೆ 2 ತೆಗೆದುಕೊಂಡವನ ಶೀಟಿನಲ್ಲಿ ಮಾತ್ರ ತಪ್ಪು ಜಾಗಕ್ಕೆ ಬಂತು. ಎರಡೂ ಸ್ಕೇಲ್ ಒಂದೇ ಇರಬೇಕು.

ಉತ್ತರದ ಸೂತ್ರ ಬೇಕು ಅಂದಾಗ ಗ್ರಾಫ್ ಪ್ರಯೋಜನಕ್ಕೆ ಬರುವುದಿಲ್ಲ. ಸೂತ್ರ ಸಿಗುವುದೇ ಇಲ್ಲ ಅಂದಾಗ ಅದರ ಬೆಲೆ ಗೊತ್ತಾಗುತ್ತದೆ. ಎಕ್ಸ್³ + ಎಕ್ಸ್ ನೋಡಿ. ಏರುತ್ತಲೇ ಹೋಗುವ ಫಂಕ್ಷನ್, ಇನ್ವರ್ಸ್ ಖಂಡಿತ ಇದೆ. ಆದರೆ ಎರಡು ಎಕ್ಸ್‌ಗಳನ್ನು ಒಂದಕ್ಕೆ ಇಳಿಸಲು ಪಿಯುಸಿಯಲ್ಲಿ ಕಲಿತ ಯಾವ ವಿದ್ಯೆಯೂ ಸಾಲದು. ಒಂದು ನಿರ್ದಿಷ್ಟ ಬೆಲೆ ಕೇಳಿದರೆ ಹೆದರಬೇಕಿಲ್ಲ. 10ರ ಇನ್ವರ್ಸ್ ಬೆಲೆ ಎಷ್ಟು? 2 ಹಾಕಿ, 8 + 2 = 10. ಉತ್ತರ 2. 20ರದ್ದು? 2.5 ಹಾಕಿದರೆ 18.125, ಕಡಿಮೆ ಆಯಿತು. 2.6 ಹಾಕಿದರೆ 20.176, ಜಾಸ್ತಿ ಆಯಿತು. 2.59 ಹಾಕಿದರೆ 19.964. ಹಾಗಾಗಿ ಉತ್ತರ 2.59ಕ್ಕೂ 2.6ಕ್ಕೂ ನಡುವೆ, 2.59ಕ್ಕೆ ತೀರಾ ಹತ್ತಿರ.

ಇಂಥ ಇನ್ವರ್ಸ್ ನಮ್ಮ ಮಗ್ಗುಲಲ್ಲೇ ಇದೆ. ಮಳೆಗಾಲದಲ್ಲಿ ಮಂಡ್ಯದ ಮನೆಮನೆಯಲ್ಲೂ ಪೇಪರಿನಲ್ಲಿ ಮೊದಲು ನೋಡುವುದು ಕೆಆರ್‌ಎಸ್ ಮಟ್ಟ. ಗರಿಷ್ಠ ಮಟ್ಟ 124.80 ಅಡಿ, ಆಗ ನೀರು 49.45 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಮಟ್ಟ ಹೇಳಿದರೆ ಎಷ್ಟು ನೀರಿದೆ ಎಂದು ಹೇಳಬಹುದು, ಅದು ಫಂಕ್ಷನ್. ಮಟ್ಟ ಏರಿದರೆ ನೀರು ಏರಲೇಬೇಕು, ಹಾಗಾಗಿ ಇನ್ವರ್ಸ್ ಇದೆ. ಆದರೆ ಇದಕ್ಕೆ ಪರೀಕ್ಷೆಯಲ್ಲಿ ಬರುವಂಥ ಸೂತ್ರ ಇಲ್ಲ. ಹಿನ್ನೀರಿನ ನೆಲ ಗುಡ್ಡ, ಹಳ್ಳ, ಬಯಲು ಎಲ್ಲ ಸೇರಿದ್ದು. ಮೇಲೆ ಹೋದಷ್ಟೂ ಅಗಲ ಆಗುತ್ತದೆ. ಮೇಲಿನ ಒಂದು ಅಡಿಯಲ್ಲಿ ಹಿಡಿಯುವಷ್ಟು ನೀರು ಕೆಳಗಿನ ಒಂದು ಅಡಿಯಲ್ಲಿ ಹಿಡಿಯುವುದಿಲ್ಲ. ಅರ್ಧ ಮಟ್ಟದಲ್ಲಿ ಇರುವುದು ಅರ್ಧ ನೀರಲ್ಲ, ಅದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಜಲಾಶಯಗಳಲ್ಲಿ ಬಳಸುವುದು ಪಟ್ಟಿ. ಒಂದು ಕಾಲಂನಲ್ಲಿ ಅಡಿ, ಇನ್ನೊಂದರಲ್ಲಿ ಟಿಎಂಸಿ. 'ಇಷ್ಟು ಅಡಿ ಇದೆ, ನೀರೆಷ್ಟು' ಎಂದರೆ ಎಡದಿಂದ ಬಲಕ್ಕೆ ಓದುತ್ತಾರೆ. 'ಇಷ್ಟು ಟಿಎಂಸಿ ಬಿಟ್ಟರೆ ಮಟ್ಟ ಎಲ್ಲಿಗೆ ಇಳಿಯುತ್ತದೆ' ಎಂದರೆ ಅದೇ ಪಟ್ಟಿಯನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಬೇಕಾದ ಸಂಖ್ಯೆ ಎರಡು ಸಾಲುಗಳ ನಡುವೆ ಬಿದ್ದರೆ, ನಾವು 2.59 ಮತ್ತು 2.6ರ ನಡುವೆ ಹುಡುಕಿದ ಹಾಗೆಯೇ ಹುಡುಕಬೇಕು.